ಟಿಕೆಟ್ ಅಗ್ಗವಾಯಿತು, ಬಸ್ ಬರಲಿಲ್ಲ

ಇಂಗ್ಲೆಂಡಿನ ಉತ್ತರ ಭಾಗದ ಸಣ್ಣ ಪಟ್ಟಣವೊಂದಕ್ಕೆ ಬಂದ ಹೊಸದರಲ್ಲಿ ಇಲ್ಲಿನ ಬಸ್ ತಂಗುದಾಣವನ್ನು ಕಂಡು ಬೆರಗಾಗಿದ್ದೆ. ಗಾಜಿನ ಗೋಡೆ, ಬೆಂಚು, ನಿಮಿಷದ ಲೆಕ್ಕದಲ್ಲಿ ಅಚ್ಚಾದ ವೇಳಾಪಟ್ಟಿ. ಹತ್ತಿರ ಹೋಗಿ ಓದಿದರೆ ಸಂಜೆ ಆರೂವರೆಯ ನಂತರ ಒಂದೂ ಬಸ್ ಇಲ್ಲ. ಭಾನುವಾರದ ಸಾಲು ಪೂರ್ತಿ ಖಾಲಿ. ಪಕ್ಕದ ಮನೆಯ ಹಿರಿಯರ ಬಳಿ ಉಚಿತ ಪಾಸ್ ಇದೆ. ಆದರೂ ಆಸ್ಪತ್ರೆಗೆ ಅವರು ಟ್ಯಾಕ್ಸಿಯಲ್ಲೇ ಹೋಗುತ್ತಾರೆ.

ಇಷ್ಟು ಶ್ರೀಮಂತ ದೇಶದಲ್ಲಿ ಹೀಗಾಗಲು ಒಂದು ಕಾನೂನು ಕಾರಣ. 1985ರ ಸಾರಿಗೆ ಕಾಯ್ದೆಯಿಂದಾಗಿ ಮರುವರ್ಷದ ಅಕ್ಟೋಬರ್‌ನಿಂದ, ಲಂಡನ್ ಒಂದನ್ನು ಬಿಟ್ಟು, ಎಲ್ಲಿ ಬಸ್ ಓಡಿಸಬೇಕು, ಎಷ್ಟು ದರ ಪಡೆಯಬೇಕು ಎಂಬುದನ್ನು ಕಂಪನಿಗಳೇ ತೀರ್ಮಾನಿಸುವಂತಾಯಿತು. ಜನ ತುಂಬುವ ಮಾರ್ಗಗಳಿಗೆ ಪೈಪೋಟಿ ಬಿತ್ತು. ಉಳಿದವನ್ನು ಸ್ಥಳೀಯ ಕೌನ್ಸಿಲ್‌ಗಳು ಹಣ ಕೊಟ್ಟು ಓಡಿಸುತ್ತಿದ್ದವು. 2010ರ ನಂತರ ಅವುಗಳ ಅನುದಾನಕ್ಕೆ ಕತ್ತರಿ ಬಿದ್ದಾಗ ಹಳ್ಳಿಯ ಬಸ್‌ಗಳು, ರಾತ್ರಿಯ ಬಸ್‌ಗಳು ಒಂದೊಂದಾಗಿ ನಿಂತವು. ಲಂಡನ್‌ನಲ್ಲಿಯೂ ಬಸ್ ಓಡಿಸುವುದು ಖಾಸಗಿ ಕಂಪನಿಗಳೇ. ಆದರೆ ಮಾರ್ಗ, ವೇಳೆ, ದರ ಮೂರನ್ನೂ ಅಲ್ಲಿ ನಗರದ ಸಾರಿಗೆ ಸಂಸ್ಥೆ ಗೊತ್ತುಮಾಡುತ್ತದೆ.

ಸರ್ಕಾರ 2023ರ ಜನವರಿಯಲ್ಲಿ ಒಂದು ಪ್ರಯಾಣಕ್ಕೆ 2 ಪೌಂಡ್‌ನ ಮಿತಿ ತಂದಿತು, 2025ರಲ್ಲಿ ಅದನ್ನು 3 ಪೌಂಡ್‌ಗೆ ಏರಿಸಿತು. ಸಣ್ಣ ಸಂಬಳದವರಿಗೆ ಇದರಿಂದ ನೆರವಾಗಿದೆ, ಒಪ್ಪುತ್ತೇನೆ. ಆದರೆ ಇಲ್ಲದ ಬಸ್ಸಿಗೆ ದರ ಎಷ್ಟಾದರೇನು? ನನಗೆ ಭರವಸೆ ಮೂಡಿಸಿದ್ದು ಗ್ರೇಟರ್ ಮ್ಯಾಂಚೆಸ್ಟರ್. 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ಅಲ್ಲಿನ ಬಸ್ ವ್ಯವಸ್ಥೆ ಹಂತ ಹಂತವಾಗಿ ಸಾರ್ವಜನಿಕ ಹಿಡಿತಕ್ಕೆ ಮರಳಿತು. ಉಳಿದ ಊರುಗಳಿಗೂ ಆ ದಾರಿಯನ್ನು 2025ರ ಹೊಸ ಕಾಯ್ದೆ ಸುಲಭಗೊಳಿಸಿದೆ. ಕೌನ್ಸಿಲ್‌ಗಳು ಹೊಸದಾಗಿ ಸ್ವಂತ ಬಸ್ ಕಂಪನಿ ಕಟ್ಟಬಾರದೆಂದು 2017ರಲ್ಲಿ ಹಾಕಿದ್ದ ನಿಷೇಧವನ್ನೂ ಅದು ತೆಗೆದಿದೆ. ಸರ್ಕಾರಿ ಬಸ್ಸಿನಲ್ಲೇ ಓಡಾಡಿ ಕಾಲೇಜು ಮುಗಿಸಿದ ನನಗೆ ಅಂಥದೊಂದು ನಿಷೇಧ ಇತ್ತೆಂಬುದನ್ನೇ ನಂಬಲಾಗಲಿಲ್ಲ.

1948ರಲ್ಲಿ ಮೈಸೂರು ಸರ್ಕಾರ 120 ಬಸ್‌ಗಳಿಂದ ಆರಂಭಿಸಿದ ಸಾರಿಗೆ ಇಂದು ನಾಲ್ಕು ನಿಗಮಗಳಾಗಿ ಬೆಳೆದಿದೆ. ಕರಾವಳಿಯಲ್ಲಿ ಖಾಸಗಿ ಬಸ್‌ಗಳೇ ಹೆಚ್ಚು, ಆದರೆ ಅಲ್ಲಿಯೂ ಪರ್ಮಿಟ್ ಇಲ್ಲದೆ ಮಾರ್ಗವಿಲ್ಲ. ನಮ್ಮ ಊರಿಗೆ ರಾತ್ರಿ ಒಂಬತ್ತಕ್ಕೆ ಹಾಲ್ಟಿಂಗ್ ಬಸ್ ಬರುತ್ತಿತ್ತು. ಚಾಲಕರೂ ನಿರ್ವಾಹಕರೂ ಅದರಲ್ಲೇ ಮಲಗಿ, ಬೆಳಗ್ಗೆ ಆರಕ್ಕೆ ಕಾಲೇಜು ಮಕ್ಕಳನ್ನು, ಸಂತೆಗೆ ಸೊಪ್ಪಿನ ಗಂಟು ಹೊತ್ತವರನ್ನು, ಜಿಲ್ಲಾ ಆಸ್ಪತ್ರೆಗೆ ಹೊರಟ ರೋಗಿಗಳನ್ನು ಹತ್ತಿಸಿಕೊಂಡು ಹೊರಡುತ್ತಿದ್ದರು. ಲಾಭವನ್ನೇ ನೋಡಿದ್ದರೆ ಆ ಬಸ್ ಒಂದು ತಿಂಗಳೂ ಓಡುತ್ತಿರಲಿಲ್ಲ. ನಾನು ಓದಿದ್ದು ಆ ಬಸ್ಸಿನಿಂದ.

ಹಾಗಾಗಿ ಶಕ್ತಿ ಯೋಜನೆಯ ಕುರಿತು ಊರಿನವರು ವಾದಕ್ಕಿಳಿದಾಗ ನಾನು ಹೇಳುವುದಿಷ್ಟು. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಬಸ್ ಚಾರ್ಜಿಗಾಗಿ ಯಾರ ಮುಂದೆಯೂ ಕೈಚಾಚದೆ ಓಡಾಡುತ್ತಿದ್ದಾರೆ, ಅದು ಮುಂದುವರಿಯಲೇಬೇಕು. ಆದರೆ ಆ ಉಚಿತ ಪ್ರಯಾಣದ ಹಣ ಸರ್ಕಾರದಿಂದ ನಿಗಮಗಳಿಗೆ ತಡವಿಲ್ಲದೆ ಸಲ್ಲಲಿ, ಹೊಸ ಬಸ್‌ಗಳು ಬರಲಿ, ಚಾಲಕರ ನೇಮಕ ನಡೆಯಲಿ. ನಷ್ಟವೆಂದು ಹಳ್ಳಿಯ ಟ್ರಿಪ್ ಕಡಿತ ಮಾಡುವ ಮುನ್ನ ಆ ಊರಿನ ಗ್ರಾಮಸಭೆಯನ್ನು ಕೇಳಲಿ. ಹಾಲ್ಟಿಂಗ್ ಬಸ್ಸನ್ನಂತೂ ಮುಟ್ಟದಿರಲಿ.