ಟಿವಿಗೆ ಬಂದ ಕಾಮಾಲೆ

ಶೋರೂಮಿನ ಗೋಡೆ ತುಂಬ ಗಿಣಿಗಳು. ಒಂದು ಟಿವಿಯಲ್ಲಿ ಗಿಣಿ ಹಾರಿದರೆ, ಪಕ್ಕದ್ದರಲ್ಲಿ ಯಾರೋ ದಾಳಿಂಬೆ ಬಿಡಿಸುತ್ತಿದ್ದರು. ಅದರಾಚೆಯದರಲ್ಲಿ ಜೇನುತುಪ್ಪ ಸುರಿಯುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ.

‘ಏನಪ್ಪಾ, ಇದರಲ್ಲಿ ಒಂದು ಧಾರಾವಾಹಿ ಹಾಕಿ ತೋರಿಸ್ತೀಯಾ?’ ಅಂದೆ.

ಹುಡುಗನ ಮುಖ ಸಣ್ಣದಾಯಿತು. ‘ಸಾರ್, ಇದು ಪ್ರೀಮಿಯಂ ಮಾಡೆಲ್. ಧಾರಾವಾಹಿ ಹಾಕಿದ್ರೆ ಇದರ ಕ್ಲಾರಿಟಿ ಗೊತ್ತಾಗಲ್ಲ.’

ಅಲ್ಲೇ ವಾಪಸ್ ಬರಬೇಕಿತ್ತು. ಬರಲಿಲ್ಲ. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನವೇ ಸರ್ಕಾರ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿಯನ್ನು ಶೇ 28ರಿಂದ 18ಕ್ಕೆ ಇಳಿಸಿತ್ತು. ಹತ್ತು ಪರ್ಸೆಂಟ್ ಉಳಿತಾಯ ಆಗುತ್ತದಲ್ಲ ಎಂದು ಲೆಕ್ಕ ಹಾಕಿ, ಮೊದಲು ಅಂದುಕೊಂಡದ್ದಕ್ಕಿಂತ ಡಬಲ್ ಬೆಲೆಯ ಟಿವಿ ನೋಡಲು ಹೋಗಿದ್ದೆ. ಉಳಿತಾಯ ಮಾಡುವುದು ಹೀಗೇ ಅಲ್ವಾ?

‘3,000 ನಿಟ್ಸ್ ಸಾರ್’ ಅಂದ ಹುಡುಗ. ನಿಟ್ ಅನ್ನುವುದು ಬೆಳಕಿನ ಅಳತೆ. ಒಂದು ಚದರ ಮೀಟರಿಗೆ ಒಂದು ಮೇಣದಬತ್ತಿ ಅಂತ ಸುಮಾರಾಗಿ ಇಟ್ಟುಕೊಳ್ಳಿ. ಚಿತ್ರಮಂದಿರದ ಪರದೆಗೆ ಇರುವ ನಿಯಮ 48 ನಿಟ್. ಆ 48ರಲ್ಲೇ ನಾವು ಅತ್ತಿದ್ದೇವೆ, ಶಿಳ್ಳೆ ಹೊಡೆದಿದ್ದೇವೆ, ನಾಯಕನ ಮೇಲೆ ಚಿಲ್ಲರೆ ಎಸೆದಿದ್ದೇವೆ. ಹಳೆಯ ಮಾದರಿಯ ಟಿವಿ ಕಾರ್ಯಕ್ರಮಕ್ಕೆ 100 ನಿಟ್ ಸಾಕು ಎಂದಿತ್ತು. ಈಗ ಎಚ್‌ಡಿಆರ್ ಬಂದಿದೆ, ಅಂದರೆ ಬೆಳಕನ್ನು ಇನ್ನಷ್ಟು ಬೆಳಗಿಸಿ, ಕತ್ತಲನ್ನು ಇನ್ನಷ್ಟು ಕಪ್ಪಾಗಿಸಿ ತೋರಿಸುವ ತಂತ್ರ. ಆ ಸಿನಿಮಾಗಳಲ್ಲಿ ಹೆಚ್ಚಿನವನ್ನು 1,000 ನಿಟ್‌ಗೆ ಹೊಂದಿಸಿ ತಯಾರಿಸುತ್ತಾರೆ. ಉಳಿದ 2,000 ನಿಟ್ ಯಾತಕ್ಕೆ ಎಂದು ಕೇಳಿದೆ. ‘ಫ್ಯೂಚರ್ ಪ್ರೂಫ್ ಸಾರ್’ ಅಂದ. ಕಾಗದದ ಮೇಲೆ ಎಚ್‌ಡಿಆರ್ ನಿಯಮ 10,000 ನಿಟ್‌ವರೆಗೆ ಹೋಗುತ್ತದೆ, 2014ರಲ್ಲೇ ಬರೆದಿಟ್ಟಿದ್ದಾರೆ. ಅಷ್ಟು ಬೆಳಕಾದರೆ ಮನೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಬಹುದು. ಇನ್ನೊಂದು ಗುಟ್ಟು: ಡಬ್ಬದ ಮೇಲಿನ ನಿಟ್ ಸಾಮಾನ್ಯವಾಗಿ ಪರದೆಯ ಹತ್ತನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಬೆಳಗಿದಾಗಿನ ಲೆಕ್ಕ. ಪೂರ್ತಿ ಪರದೆ ಬೆಳಗಿಸಿ ಎಂದರೆ ಹೆಚ್ಚಿನ ಟಿವಿಗಳು ನಾಚಿಕೊಳ್ಳುತ್ತವೆ.

ಆಮೇಲೆ ಹುಡುಗ ಹೋಟೆಲ್ ಸಪ್ಲೈಯರ್ ಧಾಟಿಯಲ್ಲಿ ಕೇಳಿದ: ‘ಡಾಲ್ಬಿ ವಿಷನ್ ಬೇಕಾ ಸಾರ್, ಎಚ್‌ಡಿಆರ್ 10 ಪ್ಲಸ್ ಬೇಕಾ?’

‘ಎರಡೂ ಒಂದರಲ್ಲೇ ಸಿಗಲ್ವಾ?’

‘ಕೆಲವು ಕಂಪನಿ ಕೊಡ್ತಾರೆ ಸಾರ್. ಕೆಲವರು ಇನ್ನೊಂದನ್ನ ಮುಟ್ಟಲ್ಲ.’

ಒಂದೇ ಪಕ್ಷದೊಳಗಿನ ಎರಡು ಬಣ ನೋಡಿದ್ದೇವಲ್ಲ, ಇದೂ ಹಾಗೇ. ಎರಡೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ: ಈ ದೃಶ್ಯಕ್ಕೆ ಇಷ್ಟು ಬೆಳಕು ಸಾಕು ಎಂದು ಟಿವಿಯ ಕಿವಿಯಲ್ಲಿ ಹೇಳುವುದು. ಡಾಲ್ಬಿಯವರು ಅದಕ್ಕೆ ಲೈಸೆನ್ಸ್ ಶುಲ್ಕ ತೆಗೆದುಕೊಳ್ಳುತ್ತಾರೆ. ಸ್ಯಾಮ್‌ಸಂಗ್ ತನ್ನ ಟಿವಿಗಳಿಗೆ ಡಾಲ್ಬಿ ವಿಷನ್ ಹಾಕದೆ, 2017ರಲ್ಲಿ ಅಮೆಜಾನ್ ಜೊತೆ ಸೇರಿ ಎಚ್‌ಡಿಆರ್ 10 ಪ್ಲಸ್ ಬಣ ಕಟ್ಟಿತು. ಇದರ ಮಧ್ಯೆ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಎಚ್‌ಎಲ್‌ಜಿ ಎಂಬ ಮೂರನೇ ರಂಗವನ್ನೂ ಮಾಡಿಕೊಂಡಿವೆ. ಯೋಚಿಸಿ ಯೋಚಿಸಿ ಡಾಲ್ಬಿ ವಿಷನ್ ಇರುವುದನ್ನೇ ಆರಿಸಿದೆ. ಮನೆಗೆ ಬಂದು ಫೋನ್ ತೆರೆದರೆ, ನಾನು ಶೋರೂಮಿನ ಮೆಟ್ಟಿಲು ಹತ್ತುವ ಮೊದಲೇ, ಅದೇ ಸೆಪ್ಟೆಂಬರಿನಲ್ಲಿ, ಡಾಲ್ಬಿ ವಿಷನ್ 2 ಘೋಷಣೆಯಾಗಿತ್ತು. ಅದರಲ್ಲೂ ಎರಡು ತರ. ಬರೀ 2, ಮತ್ತೆ 2 ಮ್ಯಾಕ್ಸ್. ಸಾದಾ ಮತ್ತು ಸ್ಪೆಷಲ್.

ಬಣ್ಣದ ಕತೆ ಇನ್ನೂ ಚೆನ್ನ. ಎಚ್‌ಡಿ ಟಿವಿಯಲ್ಲಿ ಯಾವ ಬಣ್ಣ ಎಷ್ಟಿರಬೇಕು ಅನ್ನುವುದಕ್ಕೆ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1990ರಲ್ಲಿ ‘709’ ಎಂಬ ನಿಯಮ ಕೊಟ್ಟಿತು. 2012ರಲ್ಲಿ ‘2020’ ಎಂಬ ದೊಡ್ಡ ನಿಯಮ ಬಂತು. 2020 ಅನ್ನುವುದು ಬರೀ ಕ್ರಮಸಂಖ್ಯೆ. ನಾನು ಮಾತ್ರ ಆ ಇಸವಿಗೆ ಎಲ್ಲ ಸರಿಹೋಗುತ್ತದೆ ಎಂದು ಕಾದಿದ್ದೆ. ಆ ಇಸವಿಯಲ್ಲಿ ಏನು ಬಂತು ಅಂತ ನಿಮಗೇ ಗೊತ್ತು. ಇರಲಿ, ಸಿನಿಮಾದವರು ಈಗಲೂ ಬಹುಪಾಲು ಅದಕ್ಕಿಂತ ಚಿಕ್ಕದಾದ ಪಿ3 ಎಂಬ ಬಣ್ಣದ ಅಳತೆಯಲ್ಲೇ ಕೆಲಸ ಮುಗಿಸಿ, 2020ರ ಪಾತ್ರೆಗೆ ಸುರಿದು ಕಳಿಸುತ್ತಾರೆ. ಮದುವೆಮನೆಯ ಕೊಪ್ಪರಿಗೆಯಲ್ಲಿ ನಾಲ್ಕು ಜನರ ಸಾರು. ನಮಗೆ ಮಾರುವುದು ಕೊಪ್ಪರಿಗೆಯ ಅಳತೆ ಹೇಳಿ. ಸೆಟ್‌ಟಾಪ್ ಬಾಕ್ಸಿನ ವೈರು ಚುಚ್ಚುವ ಎಚ್‌ಡಿಎಂಐ ಪೋರ್ಟ್‌ದೂ ಇದೇ ಹಣೆಬರಹ. 2.1 ಎಂದು ಬರೆದಿದ್ದರೆ 2.1ರ ಹೊಸ ಸೌಲಭ್ಯಗಳು ಇರಲೇಬೇಕು ಎಂದೇನಿಲ್ಲ, ಅವೆಲ್ಲ ಐಚ್ಛಿಕ. ರವೆ ಇಡ್ಲಿಯಲ್ಲಿ ರವೆ ಐಚ್ಛಿಕ ಎಂದ ಹಾಗೆ.

ಟಿವಿ ಬಂತು. ಪೂಜೆ ಆಯಿತು, ಅರಿಶಿನ ಕುಂಕುಮ ಪರದೆಗೆ ತಾಗದಂತೆ ಅಂಚಿಗೆ ಹಚ್ಚಿದ್ದಾಯಿತು. ರಾತ್ರಿ ಹಳೆಯದೊಂದು ರಾಜ್‌ಕುಮಾರ್ ಸಿನಿಮಾ ಹಾಕಿದೆ. ಕಿರೀಟ ಇಟ್ಟುಕೊಂಡ ರಾಜಣ್ಣ ಸಿಂಹಾಸನದಿಂದ ಎದ್ದು ಬಂದರೆ, ಯಾರದೋ ಆರತಕ್ಷತೆಗೆ ಬಂದ ಹಾಗೆ ಕಾಣಿಸಿತು. ಥೇಟ್ ಮದುವೆ ವಿಡಿಯೊ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತದೆ. ಟಿವಿಗೆ ಅದು ಸಾಲದು, ನಡುನಡುವೆ ತಾನೇ ಚಿತ್ರ ಹುಟ್ಟಿಸಿ ತುರುಕುತ್ತದೆ. ಟ್ರೂಮೋಷನ್, ಮೋಷನ್‌ಫ್ಲೋ, ಆಟೋ ಮೋಷನ್ ಪ್ಲಸ್ ಅಂತ ಒಬ್ಬೊಬ್ಬರದು ಒಂದೊಂದು ಹೆಸರು, ರೋಗ ಒಂದೇ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಒಂದು ವಿಡಿಯೊ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿಕೊಳ್ಳಿ ಎಂದು ಜನರನ್ನು ಕೇಳಿಕೊಂಡ. ಹಾರುವ ವಿಮಾನಕ್ಕೆ ಜೋತುಬಿದ್ದು ಹೆದರದ ಮನುಷ್ಯ, ನಮ್ಮ ರಿಮೋಟಿನ ಮುಂದೆ ಕೈಮುಗಿದು ನಿಂತ. ಮರುವರ್ಷ ಕಂಪನಿಗಳೂ ಸ್ಟುಡಿಯೊಗಳೂ ಕೂತು ‘ಫಿಲ್ಮ್‌ಮೇಕರ್ ಮೋಡ್’ ಎಂಬ ಹೊಸ ಸೌಲಭ್ಯ ಪ್ರಕಟಿಸಿದವು. ಅದರ ಕೆಲಸ ಏನು? ತಾವೇ ಹಾಕಿದ ಹಳೆ ಸೌಲಭ್ಯಗಳನ್ನು ಆಫ್ ಮಾಡುವುದು.

ಕೊನೆಗೆ ತಿಳಿದವರೊಬ್ಬರು ಹೇಳಿದರು, ‘ಇಷ್ಟು ದುಡ್ಡು ಹಾಕಿದ್ದೀರಿ, ಕ್ಯಾಲಿಬ್ರೇಷನ್ ಮಾಡಿಸಿಬಿಡಿ.’ ಅಂದರೆ ಟಿವಿಯ ಬಣ್ಣ, ಬೆಳಕು ಅಳೆದು ನಿಯಮಕ್ಕೆ ಸರಿಹೊಂದಿಸುವುದು. ಫೀಸು 12 ಸಾವಿರ.

ಭಾನುವಾರ ಮಧ್ಯಾಹ್ನ ಒಬ್ಬ ಯುವಕ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಬಂದ. ಟಿವಿಯನ್ನು ನೋಡುವ ಮೊದಲು ಮನೆಯನ್ನು ನೋಡಿದ. ‘ಗೋಡೆ ಹಸಿರಿದೆಯಲ್ಲ ಸಾರ್. ಟಿವಿ ಹಿಂದಿನ ಗೋಡೆ ಬೂದು ಬಣ್ಣ ಇರಬೇಕು, ಇಲ್ದಿದ್ರೆ ಕಣ್ಣಿಗೆ ಬಣ್ಣ ತಪ್ಪಾಗಿ ಕಾಣುತ್ತೆ.’ ಹಸಿರು ಬಳಿಸಿದ್ದು ವಾಸ್ತುವಿನವರ ಮಾತು ಕೇಳಿ. ಅವರ ಫೀಸೂ ಕಡಿಮೆ ಇರಲಿಲ್ಲ. ಇಬ್ಬರನ್ನೂ ಒಂದು ದಿನ ಕರೆಸಿ ಎದುರುಬದುರು ಕೂರಿಸಬೇಕು.

ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿದೆವು. ಟ್ಯೂಬ್‌ಲೈಟ್ ಆರಿಸಿದೆವು. ಹುಡುಗ ಪರದೆಯ ನಡುವೆ ಒಂದು ಕಪ್ಪು ಮೀಟರ್ ಇಳಿಬಿಟ್ಟ, ಇಸಿಜಿ ಮಾಡುವವರು ಎದೆಗೆ ಅಂಟಿಸುತ್ತಾರಲ್ಲ, ಹಾಗೆ. ಪರದೆಯ ಮೇಲೆ ಬೂದು ಚೌಕಗಳು ಒಂದಾದ ಮೇಲೊಂದು ಬಂದವು. ಅವನು ಕತ್ತಲಲ್ಲೇ ‘ಅಮ್ಮಾ, ಅಡುಗೆಮನೆ ಲೈಟ್ ಆಫ್ ಮಾಡಿ, ರೀಡಿಂಗ್ ಕೆಡುತ್ತೆ’ ಎಂದು ಕೂಗಿದ.

‘ಕಾಫಿಗೆ ಹಾಲಿಟ್ಟಿದ್ದೀನಪ್ಪ.’

‘ಸ್ಟವ್ ಬೆಳಕೂ ಬೇಡ ಅಮ್ಮಾ.’

ಮೂರು ಗಂಟೆ ಅವನು ಮಾಡಿದ ಕೆಲಸದಲ್ಲಿ ಅರ್ಧ ನನಗೆ ಅರ್ಥವಾಯಿತು. ಡೈನಾಮಿಕ್ ಕಾಂಟ್ರಾಸ್ಟ್ ಆಫ್. ಎಐ ಪಿಕ್ಚರ್ ಆಫ್. ನಾಯ್ಸ್ ರಿಡಕ್ಷನ್ ಆಫ್. ಶಾರ್ಪ್‌ನೆಸ್ ಸೊನ್ನೆ. ಶೋರೂಮಿನ ಹುಡುಗ ಬೆರಳು ಮಡಚಿ ಮಡಚಿ ಯಾವುದಕ್ಕೆ ಎಷ್ಟು ಬೆಲೆ ಎಂದಿದ್ದನೋ, ಅದೇ ಕ್ರಮದಲ್ಲಿ ಒಂದೊಂದೇ ಆರಿದವು. ಒಂದೂವರೆ ಲಕ್ಷ ಕೊಟ್ಟು ಹಾಕಿಸಿದ್ದನ್ನು ತೆಗೆಸಲು 12 ಸಾವಿರ ಅಂದರೆ ಸಸ್ತಾನೇ ಬಿಡಿ. ಹೊರಡುವಾಗ ಒಂದು ಗ್ರಾಫ್ ಕೊಟ್ಟ. ಬಣ್ಣದ ತಪ್ಪು ಮೊದಲು 9 ಇತ್ತಂತೆ, ಈಗ 1ಕ್ಕಿಂತ ಕಡಿಮೆ, ಅಷ್ಟು ಸಣ್ಣ ತಪ್ಪು ಮನುಷ್ಯರ ಕಣ್ಣಿಗೆ ಕಾಣುವುದೇ ಇಲ್ಲವಂತೆ. ಆ ಹಾಳೆಯನ್ನು ಫ್ರೇಮ್ ಹಾಕಿಸಲೇ ಎಂದುಕೊಂಡೆ. ಟಿವಿಗಿಂತ ಅದೇ ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಏಳಕ್ಕೆ ಅಮ್ಮ ಧಾರಾವಾಹಿ ಹಾಕಿದಳು. ಎರಡು ನಿಮಿಷ ಸುಮ್ಮನಿದ್ದಳು.

‘ಈ ಸೊಸೆಗೆ ಏನಾಯ್ತೋ? ಕಾಮಾಲೆ ಬಂದ ಹಾಗಿದಾಳೆ!’

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ. ಇಲ್ಲಿ ಕಣ್ಣು ಸರಿ ಇತ್ತು, ಕಾಮಾಲೆ ಟಿವಿಗೆ. ನಾನು ವಿವರಿಸಲು ಹೋದೆ. ಟಿವಿಯ ಬಿಳಿ ಎಂದರೆ 6,500 ಕೆಲ್ವಿನ್ ಇರಬೇಕಮ್ಮ, ಅದು ಮಧ್ಯಾಹ್ನದ ಬೆಳಕಿನ ಬಿಳಿ, ಅಂಗಡಿಯವರು ಕಣ್ಣಿಗೆ ಹೊಡೆಯಲಿ ಎಂದು ಅದಕ್ಕೆ ಜಾಸ್ತಿ ನೀಲಿ ಸೇರಿಸಿರುತ್ತಾರೆ, ನಮಗೆ ಅದೇ ಅಭ್ಯಾಸವಾಗಿದೆ, ಅಂತ. ಹೇಳುತ್ತಿರುವುದು ಯಾರಿಗೆ ಎಂದು ಆಮೇಲೆ ಹೊಳೆಯಿತು. ಐವತ್ತು ವರ್ಷ ಪಂಚೆ ಬನಿಯನ್ನುಗಳನ್ನು ಬಕೆಟ್ಟಿನ ನೀಲಿಯಲ್ಲಿ ಅದ್ದಿ ತೆಗೆದವಳು ಅವಳು. ನೀಲಿ ಹಾಕದ ಬಿಳಿ ಅವಳ ಪ್ರಕಾರ ಕೊಳೆ ಬಟ್ಟೆ. ಎಂಬತ್ತರ ದಶಕದಲ್ಲಿ ಕಪ್ಪುಬಿಳುಪು ಟಿವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿ ಕಲರ್ ಟಿವಿ ಮಾಡಿಕೊಂಡವಳೂ ಅವಳೇ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ವಾರ್ತೆ ಓದುವವರ ಕೂದಲು ಆಕಾಶದ ಬಣ್ಣ. ಯಾರೂ ಗೋಡೆಗೆ ಬಣ್ಣ ಬದಲಿಸಿ ಎನ್ನಲಿಲ್ಲ.

‘ಅವಳು ಉಟ್ಟಿರೋದು ಕನಕಾಂಬರ ಸೀರೆ. ಇಟ್ಟಿಗೆ ಬಣ್ಣ ಆಗಿದೆ ನೋಡು’ ಎಂದಳು. ಮೀಟರಿಗೆ ಕನಕಾಂಬರ ಗೊತ್ತಿರಲಿಕ್ಕಿಲ್ಲ.

ನಿಜ ಹೇಳಬೇಕೆಂದರೆ ಚಾನೆಲ್ ಎಚ್‌ಡಿಯೂ ಆಗಿರಲಿಲ್ಲ. ಎಚ್‌ಡಿ ಪ್ಯಾಕಿಗೆ ತಿಂಗಳಿಗೆ ಜಾಸ್ತಿ ಆಗುತ್ತದೆ ಎಂದು ನಾನೇ ಬೇಡ ಅಂದಿದ್ದೆ. ಕೇಬಲ್‌ನಲ್ಲಿ ಬರುವ ಮಾಮೂಲಿ ಚಿತ್ರ ಹೆಚ್ಚೆಂದರೆ 720 ಚುಕ್ಕಿ ಅಗಲ, 576 ಸಾಲು. ಟಿವಿಯದು 3,840 ಅಗಲ, 2,160 ಸಾಲು. ಗುಣಿಸಿ ಭಾಗಿಸಿ ನೋಡಿದರೆ ಸರಿಯಾಗಿ 20 ಪಟ್ಟು. ಅಂದರೆ ಪ್ರತಿ 20 ಚುಕ್ಕಿಯಲ್ಲಿ ಚಾನೆಲ್ಲಿನವರು ಕಳಿಸಿದ್ದು 1, ಉಳಿದ 19 ಟಿವಿ ಊಹಿಸಿ ಬರೆದದ್ದು. ಎಂಟು ಗಂಟೆಗೆ ನ್ಯೂಸ್ ಚಾನೆಲ್ ಹಾಕಿದಾಗ ಈ ಲೆಕ್ಕ ಹೇಳಿದೆ. ‘ಅದು ಟಿವಿ ತಪ್ಪಲ್ಲ ಬಿಡು, ಅವರು ಕಳಿಸೋದೇ ಹಾಗೆ’ ಎಂದಳು.

ಒಂದು ವಾರ ಅಮ್ಮ ಕಾಮಾಲೆ ಸೊಸೆಯನ್ನು ಸಹಿಸಿಕೊಂಡಳು. ನಾನು ಗ್ರಾಫ್ ನೋಡಿಕೊಂಡು ಸಮಾಧಾನ ಮಾಡಿಕೊಂಡೆ. ಎಂಟನೇ ದಿನ ಬೆಳಿಗ್ಗೆ ಟಿವಿ ‘ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ, ಹೊಸ ಅನುಭವ ಪಡೆಯಿರಿ’ ಎಂದಿತು. ಓಕೆ ಒತ್ತಿದೆ. ಸೆಟ್ಟಿಂಗ್ಸ್ ಎಲ್ಲ ಫ್ಯಾಕ್ಟರಿಯಿಂದ ಬಂದಾಗ ಇದ್ದ ಹಾಗೆ ವಾಪಸ್. ವಿವಿಡ್ ಮೋಡ್. ಡೈನಾಮಿಕ್ ಕಾಂಟ್ರಾಸ್ಟ್ ಆನ್. ಬಿಳಿಯೆಲ್ಲ ನೀಲಿ. ಎಲೆಗಳು ಗಿಣಿಗಿಂತ ಹಸಿರು.

ಅಮ್ಮ ಹಾಲ್‌ಗೆ ಬಂದಳು, ನಿಂತು ನೋಡಿದಳು.

‘ಈಗ ಸರಿಯಾಯ್ತು ನೋಡು. ಆ ಹುಡುಗ ಕೆಲಸ ಚೆನ್ನಾಗೇ ಮಾಡಿದಾನೆ, ಕೂತುಕೊಳ್ಳೋಕೆ ಒಂದು ವಾರ ಬೇಕಾಯ್ತು ಅಷ್ಟೆ. ಪಾಪ, ಒಂದು ಲೋಟ ಕಾಫಿನೂ ಕೊಡದೆ ಕಳಿಸಿಬಿಟ್ವಿ.’