ರಾಯಭಾರಿಯ ನಮಾಜು, ವಿದ್ಯಾರ್ಥಿಯ ನಮಾಜು

ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡಬಾರದು ಎಂದು ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಬರೆದುಕೊಂಡ ದೇಶ ಅಮೆರಿಕ. ಅದರ ವಿದೇಶಾಂಗ ಇಲಾಖೆಗೆ 2001ರ ಸೆಪ್ಟೆಂಬರ್ ನಂತರ ಇಸ್ಲಾಮಿನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಎರಡು ಮುಸ್ಲಿಂ ದೇಶಗಳ ಮೇಲೆ ಯುದ್ಧ ಹೂಡಿದ ಮೇಲೆ ಉಳಿದವುಗಳಿಗೆ ‘ನಿಮ್ಮವರು ನಮ್ಮಲ್ಲಿ ಪರಮಸುಖಿಗಳು’ ಎಂದು ಹೇಳಿ ಕಳುಹಿಸಬೇಕಲ್ಲ? ಅಧಿಕಾರಿಗಳು ಹೋಗಿ ಹೇಳಿದರೆ ಯಾರೂ ನಂಬುವುದಿಲ್ಲ. ಇಲಾಖೆಯ ಕಣ್ಣು ರಾಪ್ ಗಾಯಕರ ಮೇಲೆ ಬಿತ್ತು.

ಸಿಕ್ಕ ತಂಡವೂ ಎಂಥದ್ದು! ನೇಟಿವ್ ದೀನ್. 2000ದಲ್ಲಿ ವಾಷಿಂಗ್ಟನ್ ಸುತ್ತಮುತ್ತ ಹುಟ್ಟಿದ ತಂಡ. ಜೋಶುವಾ ಸಲಾಂ, ನಯೀಮ್ ಮುಹಮ್ಮದ್, ಅಬ್ದುಲ್ ಮಲಿಕ್ ಅಹ್ಮದ್ ಎಂಬ ಮೂವರು ಕಪ್ಪುವರ್ಣೀಯ ಮುಸ್ಲಿಮರು. ರಾಪ್ ಎಂದರೆ ಬೈಗುಳ, ಬಂದೂಕು, ಚಿನ್ನದ ಸರ ಎಂದುಕೊಂಡವರಿಗೆ ಇವರನ್ನು ಕಂಡರೆ ನಿರಾಸೆಯಾದೀತು. ತಂತಿವಾದ್ಯ ಇಲ್ಲ, ಊದುವ ವಾದ್ಯ ಇಲ್ಲ. ತಾಳ ಮತ್ತು ಕೊರಳು, ಅಷ್ಟೇ. ಹೆಂಡ ಹಂಚುವ ಜಾಗದಲ್ಲಿ ಹಾಡುವುದಿಲ್ಲ. ಹಾಡಿನ ತುಂಬ ಪ್ರಾರ್ಥನೆ, ಸದುದ್ದೇಶ, ಮುಸ್ಲಿಮನೆಂದು ಹೇಳಿಕೊಳ್ಳಲು ಅಂಜಬೇಡ ಎಂಬ ಬುದ್ಧಿಮಾತು. ನಮ್ಮ ಮಠಗಳ ಜಾತ್ರೆಯಲ್ಲೂ ಇಷ್ಟು ಶುದ್ಧ ಕಾರ್ಯಕ್ರಮ ಸಿಗುವುದು ಕಷ್ಟ. ಇಲಾಖೆ ಇವರನ್ನು ಆಫ್ರಿಕಾ, ಪಶ್ಚಿಮ ಏಷ್ಯಾಗಳಿಗೆ ಸಾಂಸ್ಕೃತಿಕ ರಾಯಭಾರಿಗಳೆಂದು ಕಳುಹಿಸಿತು. ಇವರ ಮುಸ್ಲಿಂತನ ಎಷ್ಟು ಎದ್ದು ಕಂಡರೆ ಅಷ್ಟು ಅಮೆರಿಕಕ್ಕೆ ಲಾಭ.

ಈ ಕಸುಬು ಇಲಾಖೆಗೆ ಹೊಸದೇನಲ್ಲ. 1956ರಲ್ಲಿ, ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಪ್ರತ್ಯೇಕ ನಲ್ಲಿ, ಪ್ರತ್ಯೇಕ ಶಾಲೆ ಇದ್ದ ಕಾಲದಲ್ಲಿ, ಕಪ್ಪುವರ್ಣೀಯ ಜಾಝ್ ತುತ್ತೂರಿಗಾರ ಡಿಜ್ಜಿ ಗಿಲೆಸ್ಪಿಯನ್ನು ಇದೇ ಇಲಾಖೆ ಪ್ರವಾಸಕ್ಕೆ ಕಳುಹಿಸಿತ್ತು. ಹೊರಡುವ ಮುನ್ನ ಏನು ಹೇಳಬೇಕೆಂದು ಪಾಠ ಮಾಡಲು ಬಂದರೆ, ನನಗೆ ಮುನ್ನೂರು ವರ್ಷಗಳ ಪಾಠ ಆಗಿದೆ ಎಂದು ಆತ ತಪ್ಪಿಸಿಕೊಂಡ. ಮರುವರ್ಷ ಇನ್ನೊಬ್ಬ ಕಪ್ಪು ತುತ್ತೂರಿಗಾರ ಲೂಯಿ ಆರ್ಮ್‌ಸ್ಟ್ರಾಂಗ್, ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳನ್ನು ಶಾಲೆಗೆ ಸೇರಿಸದೆ ಅಟ್ಟಿದ್ದನ್ನು ಕಂಡು ಸೋವಿಯತ್ ಪ್ರವಾಸಕ್ಕೇ ಒಲ್ಲೆ ಎಂದ. ಇಲಾಖೆ ಇದರಿಂದ ಕಲಿತದ್ದು ಏನೋ ನಾನರಿಯೆ. ತುತ್ತೂರಿಯ ಬದಲು ಮೈಕು ಹಿಡಿದವರನ್ನು ಕಳುಹಿಸತೊಡಗಿತು ಎಂಬುದಷ್ಟೇ ಕಾಣುತ್ತದೆ.

ಇನ್ನು ಮನೆಯ ಕಡೆಯ ಲೆಕ್ಕ. ಅದೇ ವರ್ಷಗಳಲ್ಲಿ ನ್ಯೂಯಾರ್ಕ್ ಪೊಲೀಸರು ಮುಸ್ಲಿಮರ ಮೇಲೆ ಕಣ್ಣಿಡಲು ಒಂದು ಗುಪ್ತ ಘಟಕ ಕಟ್ಟಿದ್ದರು. ಯಾರ ಮೂಲದ ಬಗ್ಗೆ ‘ಆಸಕ್ತಿ’ ಇದೆ ಎಂಬ ಪಟ್ಟಿಯಲ್ಲಿ 28 ದೇಶಗಳು. ಜೊತೆಗೆ, ಬೇರೆ ದೇಶವೇ ಇಲ್ಲದ ಪಾಪಕ್ಕೆ, ‘ಅಮೆರಿಕದ ಕಪ್ಪು ಮುಸ್ಲಿಂ’ ಎಂಬ ಪ್ರತ್ಯೇಕ ಬಾಬತ್ತು. ಅಂದರೆ ವಿದೇಶಾಂಗ ಇಲಾಖೆಯ ರಾಯಭಾರಿಗಳ ಜಾತಿಗೆ ನ್ಯೂಯಾರ್ಕಿನಲ್ಲಿ ಒಂದು ಕಡತ ಕಾದಿತ್ತು. ಘಟಕದ ಜನ ಚಹಾದಂಗಡಿಯಲ್ಲಿ ಕುಳಿತು ಯಾರು ಏನು ಮಾತನಾಡಿದರು ಎಂದು ಬರೆದುಕೊಂಡರು. ಉರ್ದು ಕಿವಿಗೆ ಬಿದ್ದರೂ ಅದು ಉಪಯುಕ್ತ ಮಾಹಿತಿಯೇ. ಈ ಲೆಕ್ಕದಲ್ಲಿ ನಮ್ಮ ಶಿವಾಜಿನಗರಕ್ಕೆ ಬಂದಿದ್ದರೆ ಕಾಗದ ಸಾಲುತ್ತಿರಲಿಲ್ಲ.

2008ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಮುಸ್ಲಿಂ ವಿದ್ಯಾರ್ಥಿಗಳು ರಾಫ್ಟಿಂಗಿಗೆ ಹೊರಟರು. ವೇಷ ಮರೆಸಿಕೊಂಡ ಪೊಲೀಸನೊಬ್ಬನೂ ಜೊತೆಗೆ ಹೋದ. ನದಿ, ಬಂಡೆ, ನೊರೆ ಇವೆಲ್ಲದರ ನಡುವೆ ಆತ ವರದಿ ಮಾಡಿದ್ದು: ಇವರು ದಿನಕ್ಕೆ ಕನಿಷ್ಠ ನಾಲ್ಕು ಬಾರಿ ಪ್ರಾರ್ಥನೆ ಮಾಡಿದರು, ಧರ್ಮದ ಬಗ್ಗೆ ಮಾತನಾಡಿದರು. ಐದು ಹೊತ್ತಿನ ನಮಾಜಿನಲ್ಲಿ ಒಂದರ ಲೆಕ್ಕ ತಪ್ಪಿದೆ. ಅದು ಬಹುಶಃ ಬೆಳಗಿನ ಜಾವದ್ದಿರಬೇಕು. ರಾಷ್ಟ್ರರಕ್ಷಣೆಗಾಗಿಯೇ ಆದರೂ ಅಷ್ಟು ಬೇಗ ಏಳುವುದು ಯಾರಿಗಾದರೂ ಕಷ್ಟವೇ. ನಮಾಜು ತಪ್ಪಿಸಬೇಡ ಎಂದು ಹೊರದೇಶದ ವೇದಿಕೆಯಲ್ಲಿ ಹಾಡಿದರೆ ವಿಮಾನದ ಟಿಕೆಟು, ತಪ್ಪಿಸದೆ ಮಾಡಿದರೆ ಪೊಲೀಸರ ವರದಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಘಟಕದ ಕೆಲಸದಿಂದ ಒಂದೇ ಒಂದು ಭಯೋತ್ಪಾದನೆಯ ಸುಳಿವೂ ಹುಟ್ಟಲಿಲ್ಲ ಎಂದು ಅದರ ಮೇಲಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. ಗುಡ್ಡ ಅಗೆದು ಇಲಿ ಹಿಡಿದರು ಎಂದಾದರೂ ಹೇಳೋಣವೆಂದರೆ ಇಲಿಯೂ ಇಲ್ಲ. 2014ರಲ್ಲಿ ಘಟಕವನ್ನು ಮುಚ್ಚಿದರು.

ನ್ಯೂಯಾರ್ಕ್ ಪೊಲೀಸರು ನಗರದವರು, ವಿದೇಶಾಂಗ ಇಲಾಖೆ ಕೇಂದ್ರದ್ದು, ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ ಎನ್ನುವವರಿದ್ದಾರೆ. ಸರಿ, ಕೇಂದ್ರದವರನ್ನೇ ನೋಡೋಣ. 2006ರಲ್ಲಿ ಎಫ್‌ಬಿಐನ ಹಿರಿಯ ಅಧಿಕಾರಿಯೊಬ್ಬರು ಕ್ಯಾಲಿಫೋರ್ನಿಯಾದ ಇರ್ವೈನ್ ಮಸೀದಿಗೆ ಬಂದು, ನಾವು ಬರುವುದಾದರೆ ಹೇಳಿಯೇ ಬರುತ್ತೇವೆ ಎಂದು ಭರವಸೆ ಕೊಟ್ಟು ಹೋದರು. ಸ್ವಲ್ಪ ದಿನಕ್ಕೆ ಫಾರೂಕ್ ಎಂಬ ಹೆಸರಿನ ಹೊಸ ಮತಾಂತರಿ ಬಂದ. ಹೇಳದೆಯೇ ಬಂದ ಎಫ್‌ಬಿಐ ಬೇಹುಗಾರ ಅವನು. ಕೀ ಗೊಂಚಲಿನಲ್ಲಿ ಧ್ವನಿಮುದ್ರಣ ಯಂತ್ರ, ಬಾಯಲ್ಲಿ ಸದಾ ಜಿಹಾದ್. ಪಾತ್ರದಲ್ಲಿ ಆತ ಎಷ್ಟು ಮುಳುಗಿದನೆಂದರೆ ಬೆದರಿದ ನಮಾಜಿಗಳು, ಇವನು ಉಗ್ರನಿರಬೇಕು ಎಂದು ಎಫ್‌ಬಿಐಗೇ ದೂರು ಕೊಟ್ಟರು. ನ್ಯಾಯಾಲಯದಿಂದ ಆದೇಶ ತಂದು ಅವನನ್ನು ಮಸೀದಿಯ ಹೊರಗಿಟ್ಟರು. ಅಮೆರಿಕದ ಮುಸ್ಲಿಮರು ಕಾನೂನು ಪಾಲಕರು ಎಂದು ಹೊರದೇಶಗಳಲ್ಲಿ ಸಾರಲು ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಮೂವರು ಗಾಯಕರ ಕೈಗೆ ಅದನ್ನೇ ಕೊಟ್ಟು ಕಳುಹಿಸಬಹುದಿತ್ತು. ಆದರೆ ಹಾಗಾಗಲಿಲ್ಲ. ಬೇಹುಗಾರಿಕೆಗೆ ಒಳಗಾದವರು ಮೊಕದ್ದಮೆ ಹೂಡಿದಾಗ ಸರ್ಕಾರ ಎದ್ದು ನಿಂತು, ವಿವರ ಹೇಳಲಾಗದು, ಅದು ರಾಜ್ಯರಹಸ್ಯ ಎಂದಿತು. ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಆ ಅಂಶದಲ್ಲಿ ಎಫ್‌ಬಿಐ ಪರ ನಿಂತು ಪ್ರಕರಣವನ್ನು ಕೆಳಗೆ ಕಳುಹಿಸಿದರು. ಇರ್ವೈನ್‌ನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ ಪ್ರತಿಯೊಬ್ಬನಿಗೂ ಗೊತ್ತಿರುವ ಆ ರಹಸ್ಯವನ್ನು ವಾಷಿಂಗ್ಟನ್ ಇಂದಿಗೂ ಜೋಪಾನವಾಗಿ ಕಾಯುತ್ತಿದೆ.