ಸುರತ್ಕಲ್‌ಗೆ ದುಬೈ ಮಾರ್ಗವಾಗಿ

ಮುಕ್ಕದ ನಮ್ಮ ಬೀದಿಯಿಂದ ಸುರತ್ಕಲ್‌ನ ಎನ್‌ಐಟಿಗೆ, ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಿಗೆ, ಬಸ್ಸಿನಲ್ಲಿ ಹತ್ತು ನಿಮಿಷವೂ ಬೇಡ. ಕಂಡಕ್ಟರ್ ಚಿಲ್ಲರೆ ಹುಡುಕಿ ಮುಗಿಸುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ಆದರೆ ಅದು ಬಸ್ಸಿನ ದಾರಿ. ಸೀಟಿನ ದಾರಿ ಬಜ್ಪೆಯಲ್ಲಿ ವಿಮಾನ ಹತ್ತಿ, ಅರಬ್ಬಿ ಸಮುದ್ರ ದಾಟಿ, ದುಬೈಯಲ್ಲಿ ಎರಡು ವರ್ಷ ತಂಗಿ, ಮತ್ತೆ ಬಜ್ಪೆಯಲ್ಲೇ ಇಳಿಯುತ್ತದೆ.

ಪಕ್ಕದ ಮನೆಯ ಹುಡುಗ ಹತ್ತನೆಯ ತರಗತಿ ಮುಗಿದದ್ದೇ ಈ ದಾರಿ ಹಿಡಿದ. ಅವನ ಅಪ್ಪ ಹದಿನೈದು ವರ್ಷದಿಂದ ದುಬೈಯಲ್ಲಿದ್ದಾರೆ. ಅಲ್ಲಿನ ಬಾಡಿಗೆಗೆ ಹೆದರಿ ಇಷ್ಟು ಕಾಲ ಮನೆಯವರನ್ನು ಊರಲ್ಲೇ ಬಿಟ್ಟಿದ್ದವರಿಗೆ, ಮಗ ಹನ್ನೊಂದನೆಯ ತರಗತಿಗೆ ಬಂದಾಗ ಪುತ್ರವಾತ್ಸಲ್ಯ ಉಕ್ಕಿತು. ಈ ವಾತ್ಸಲ್ಯದ ಹೆಸರು ದಾಸಾ. ಪುರಂದರದಾಸರಿಗೂ ಇದಕ್ಕೂ ಸಂಬಂಧವಿಲ್ಲ. ಹೊರದೇಶದಲ್ಲಿ ಓದಿದವರಿಗೆ ಎನ್‌ಐಟಿಗಳಲ್ಲಿ ನೇರ ಪ್ರವೇಶ ಕೊಡುವ ಯೋಜನೆಯಿದು. ಹನ್ನೊಂದು, ಹನ್ನೆರಡು ಅಲ್ಲೇ ಮುಗಿಸಿರಬೇಕು. ಅಪ್ಪ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರೆ ಅದರೊಳಗೂ ಒಂದು ಪಾಲು ಮೀಸಲು. ಮೇಲಾಗಿ ಡಾಲರ್ ಲೆಕ್ಕದ ಬೋಧನಾ ಶುಲ್ಕವಿಲ್ಲ, ಊರಿನವರು ಕಟ್ಟುವಷ್ಟೇ.

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ತೂಗಲು ನನ್ನನ್ನೂ ಕರೆದಿದ್ದರು. ಅರ್ಧ ಪೆಟ್ಟಿಗೆ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಇನ್ನರ್ಧ ಎನ್‌ಸಿಇಆರ್‌ಟಿ ಪುಸ್ತಕ. ಭೌತಶಾಸ್ತ್ರದ ಮೊದಲ ಪುಟದಲ್ಲಿ ಹಂಪನಕಟ್ಟೆಯ ಅಂಗಡಿಯ ಮೊಹರು ಇನ್ನೂ ಹಸಿಯಾಗಿತ್ತು. ಸೇರಲಿದ್ದ ಶಾಲೆಯೂ ಸಿಬಿಎಸ್‌ಇಯದೇ, ನ್ಯೂಟನ್ನನ ನಿಯಮಗಳು ಅಲ್ಲಿಯೂ ಮೂರೇ. ತೂಕ ಜಾಸ್ತಿಯಾಗಿ ಏನನ್ನಾದರೂ ತೆಗೆಯಬೇಕಾಯಿತು. ಅವನ ಅಮ್ಮ ಕ್ಷಣವೂ ಯೋಚಿಸದೆ ರಸಾಯನಶಾಸ್ತ್ರವನ್ನು ತೆಗೆದರು, ಉಪ್ಪಿನಕಾಯಿ ಉಳಿಯಿತು.

ಬೀದಿಯ ಕೊನೆಯ ಮನೆಯ ಹುಡುಗಿ ಹತ್ತರವರೆಗೆ ಇವನ ತರಗತಿಯಲ್ಲೇ ಇದ್ದವಳು. ಅವಳ ಅಪ್ಪನಿಗೆ ಸಮುದ್ರದ ಮೇಲೇ ಕೆಲಸ, ಆದರೆ ಈಚೆ ದಡದ ದೋಣಿಯಲ್ಲಿ. ಹೀಗಾಗಿ ಅವಳು ಅದೇ ಪುಸ್ತಕವನ್ನು ಮುಕ್ಕದಲ್ಲೇ ಓದಿದಳು. ಹಿಂದೆ ದಾಸಾದವರಿಗೆ ಅಮೆರಿಕದ ಎಸ್‌ಎಟಿ ಪರೀಕ್ಷೆಯ ಅಂಕ ಸಾಕಿತ್ತು. 2021ರಿಂದ ಅವರಿಗೂ ಇಲ್ಲಿನವರು ಬರೆಯುವ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬಂದಿದೆ. ಅಂತೂ ಸಮಾನತೆ ಸಿಕ್ಕಿತು ಎಂದು ನಾನೂ ಹಿಗ್ಗಿದ್ದೆ. ಪರೀಕ್ಷೆ ಒಂದೇ, ಸಾಲು ಮಾತ್ರ ಎರಡು. ಅವಳ ಸಾಲಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ. ಇವನ ಸಾಲಿನಲ್ಲಿ ಕಾಲು ಚಾಚಿ ಕೂರಬಹುದು.

ಕೇಳಿದರೆ ಉತ್ತರ ಸಿದ್ಧವಿದೆ: ಇವು ಹೆಚ್ಚುವರಿ ಸೀಟುಗಳು, ಯಾರ ಎಲೆಯಿಂದಲೂ ಕಿತ್ತುಕೊಂಡದ್ದಲ್ಲ. ಒಪ್ಪೋಣ. ಪಂಕ್ತಿ ತುಂಬಿದೆ ಎಂದು ಊರವರನ್ನು ಅಂಗಳದಲ್ಲಿ ನಿಲ್ಲಿಸಿದ ಮೇಲೆ, ಅದೇ ಚಾವಡಿಯಲ್ಲಿ ಇನ್ನೊಂದಿಷ್ಟು ಎಲೆ ಹಾಕಲು ಜಾಗವಿತ್ತು ಎಂದು ತಿಳಿದಿದ್ದೇ ಲಾಭ. ಆ ಎಲೆಗೆ ಕೂರಲು ಪಾಸ್‌ಪೋರ್ಟಿನಲ್ಲಿ ಮುದ್ರೆ ಬೇಕು, ಅಷ್ಟೇ.

ಹುಡುಗಿಗೆ ಸೀಟು ಸಿಕ್ಕಿದ್ದು ಎನ್‌ಐಟಿಯಲ್ಲೇ, ಅಸ್ಸಾಮಿನ ಸಿಲ್ಚರ್‌ನಲ್ಲಿ. ಮೂರು ದಿನದ ರೈಲು. ವರ್ಷಕ್ಕೆರಡು ಸಲ ಬಂದು ಹೋಗುತ್ತಾಳೆ. ಪಕ್ಕದ ಮನೆಯ ಹುಡುಗನನ್ನು ಸುರತ್ಕಲ್‌ನ ಹಾಸ್ಟೆಲಿನಲ್ಲಿ ಎಲ್ಲರೂ ‘ದುಬೈ’ ಎಂದೇ ಕರೆಯುತ್ತಾರಂತೆ. ಪ್ರತಿ ಶನಿವಾರ ಸಂಜೆ ದುಬೈ ಒಗೆಯುವ ಬಟ್ಟೆಯ ಚೀಲ ಹೊತ್ತು ನಮ್ಮ ಸ್ಟಾಪಿನಲ್ಲಿ ಬಸ್ಸಿಳಿಯುತ್ತದೆ, ಬಂಗುಡೆ ಸಾರು ಉಣ್ಣುತ್ತದೆ, ಭಾನುವಾರ ಸಂಜೆ ಒಣಗಿದ ಬಟ್ಟೆಯೊಂದಿಗೆ ಕೊನೆಯ ಬಸ್ಸು ಹಿಡಿಯುತ್ತದೆ.